"ಮನಸ್ಸು ಗಟ್ಟಿ ಮಾಡ್ಕೋ" ಅನ್ನುವವರಿಗೆ

ಮಧ್ಯಾಹ್ನದಿಂದ ಸಿಟ್ಟು ಇಳಿದಿಲ್ಲ. ಆಫೀಸಿನಲ್ಲಿ ಒಬ್ಬರ ಹುಟ್ಟುಹಬ್ಬ, ಕೇಕ್ ಕತ್ತರಿಸಿದರು. ಎಲ್ಲರೂ ತಿಂದರು. ಆದರೆ ನನ್ನ ಪಕ್ಕದ ಸೀಟಿನ ಹುಡುಗಿಯ ತಟ್ಟೆ ಮಾತ್ರ ಹಿರಿಯರೊಬ್ಬರ ಕಣ್ಣಿಗೆ ಬಿತ್ತು. "ಡಯಟ್ ಅಂದಿದ್ದೆ, ಏನಾಯ್ತು? ಸ್ವಲ್ಪ ಮನಸ್ಸು ಗಟ್ಟಿ ಮಾಡ್ಕೋಮ್ಮ" ಅಂದರು. ಅವಳು ನಕ್ಕಳು. ಚಮಚ ಕೆಳಗಿಟ್ಟಳು. ತಟ್ಟೆಯ ಮೇಲೆ ಟಿಶ್ಯೂ ಮುಚ್ಚಿ ಮಾನಿಟರ್ ಹಿಂದೆ ಸರಿಸಿದಳು. ಆಮೇಲೆ ಸಂಜೆಯವರೆಗೂ ಮಾತಾಡಲಿಲ್ಲ.

ನನ್ನದೂ ತೂಕದ ಕಥೆಯೇ. ಚಿಕ್ಕಂದಿನಿಂದ ಈ ಮಾತು ಕೇಳಿಕೊಂಡೇ ಬೆಳೆದವಳು ನಾನು. ದಪ್ಪಗಿರುವವರ ಮನಸ್ಸು ದುರ್ಬಲ ಅಂತ ತೀರ್ಮಾನ ಮಾಡಲು ಇವರಿಗೆ ಯಾರು ಅಧಿಕಾರ ಕೊಟ್ಟರು?

ಗಟ್ಟಿ ಮನಸ್ಸಿನವರ ಒಂದು ಕಥೆ ಹೇಳ್ತೀನಿ ಕೇಳಿ. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ 36 ಯುವಕರ ಮೇಲೆ ಹಸಿವಿನ ಪ್ರಯೋಗ ನಡೆಸಿದರು. ಕೊಲ್ಲುವುದು ತಪ್ಪು ಅಂತ ಬಂದೂಕು ಹಿಡಿಯಲು ಒಪ್ಪದವರು ಆ ಯುವಕರು. ಯುದ್ಧದಿಂದ ಹಸಿದವರಿಗೆ ಉಪಯೋಗ ಆಗಲಿ ಅಂತ ತಾವಾಗಿಯೇ ಮುಂದೆ ಬಂದಿದ್ದರು. ಇಡೀ ದೇಶದ ಮಾತಿಗೆ ಎದುರು ನಿಂತವರ ಮನಸ್ಸು ಗಟ್ಟಿ ಇರಲಿಲ್ಲ ಅಂತ ಯಾರಾದರೂ ಹೇಳಬಹುದಾ? ಅವರಿಗೆ ಸುಮಾರು 6 ತಿಂಗಳು ಮಾಮೂಲಿನ ಅರ್ಧದಷ್ಟೇ ಊಟ. ದಿನಕ್ಕೆ ಹೆಚ್ಚುಕಡಿಮೆ 1,570 ಕ್ಯಾಲೊರಿ. ಇವತ್ತು ಎಷ್ಟೋ ಡಯಟ್ ಚಾರ್ಟ್‌ಗಳಲ್ಲಿ ಇದಕ್ಕಿಂತ ಕಡಿಮೆ ಬರೆದಿರ್ತಾರೆ! ಆ ಹುಡುಗರು ತಟ್ಟೆ ನೆಕ್ಕತೊಡಗಿದರು. ಗಂಟೆಗಟ್ಟಲೆ ಅಡುಗೆ ಪುಸ್ತಕ ಓದುತ್ತಾ ಕೂತರು. ಕನಸಿನಲ್ಲೂ ಊಟ. ಬೇರೆ ಯಾವುದರಲ್ಲೂ ಆಸಕ್ತಿ ಉಳಿಯಲಿಲ್ಲ.

ಹಸಿದ ದೇಹ ಹಾಗೇ ಮಾಡೋದು. ಅದಕ್ಕೆ ಡಯಟ್ ಯಾವುದು, ಬರಗಾಲ ಯಾವುದು ಅನ್ನುವ ವ್ಯತ್ಯಾಸ ತಿಳಿಯಲ್ಲ. ತೂಕ ಇಳಿದಾಗ ಕೊಬ್ಬಿನ ಕೋಶಗಳಿಂದ ಬರುವ, ಹಸಿವು ತಗ್ಗಿಸುವ ಲೆಪ್ಟಿನ್ ಅನ್ನುವ ಹಾರ್ಮೋನು ಕಡಿಮೆಯಾಗುತ್ತದೆ, ಹಸಿವು ಹೆಚ್ಚಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಜಾಸ್ತಿಯಾಗುತ್ತದೆ. 10 ವಾರ ಕಟ್ಟುನಿಟ್ಟಿನ ಡಯಟ್ ಮಾಡಿ ತೂಕ ಇಳಿಸಿದವರನ್ನು ಆಸ್ಟ್ರೇಲಿಯಾದಲ್ಲಿ ಪರೀಕ್ಷೆ ಮಾಡಿದ್ದರು. ಫಲಿತಾಂಶ ಬಂದದ್ದು 2011ರಲ್ಲಿ. ಒಂದು ವರ್ಷ ಕಳೆದರೂ ಅವರ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ, ಹಸಿವೂ ಮೊದಲಿಗಿಂತ ಜಾಸ್ತಿಯೇ ಇತ್ತು. ವರ್ಷಾನುಗಟ್ಟಲೆ ಇಂಥ ಹಸಿವಿನ ಜೊತೆ ಬದುಕುವವರಿಗೆ ನೀವು ಎರಡು ನಿಮಿಷ ನಿಂತು ಬುದ್ಧಿ ಹೇಳಿ ಹೋಗ್ತೀರಿ.

"ಹಾಗಾದರೆ ಯಾರ ತಪ್ಪೂ ಇಲ್ಲ, ಬೇಕಾದ್ದು ತಿಂದು ಕೂರಬಹುದು ಅಂತೀಯಾ?" ಅಂತ ಕಾಮೆಂಟ್ ಬರುತ್ತೆ, ಗೊತ್ತು. ನಾನು ಹಾಗೆ ಹೇಳಲೇ ಇಲ್ಲ. ಮಾಡಬೇಕಾದ್ದು ಬೇಕಾದಷ್ಟಿದೆ. ಬೈಸಿಕೊಂಡರೆ ಅದರಲ್ಲಿ ಒಂದೂ ಆಗಲ್ಲ, ಅಷ್ಟೇ.

ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಷೆಲ್ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಪುಟ್ಟ ಮಕ್ಕಳ ಮುಂದೆ ಸಿಹಿ ಇಟ್ಟು ಮಾಡಿದ ಪ್ರಯೋಗ ಕೇಳಿರ್ತೀರಿ. ಈಗ ತಿಂದರೆ ಒಂದು, ಕಾದರೆ ಎರಡು. ಎಲ್ಲರೂ ಅದನ್ನು ಸಂಯಮದ ಕಥೆಯಾಗಿ ಹೇಳ್ತಾರೆ. ಕಾದ ಮಕ್ಕಳು ಏನು ಮಾಡಿದರು ಅನ್ನೋದು ನೋಡಿ. ಕಣ್ಣು ಮುಚ್ಚಿಕೊಂಡರು, ಹಾಡು ಹೇಳಿಕೊಂಡರು. ಸಿಹಿಯನ್ನು ಮುಚ್ಚಿಟ್ಟಾಗ ಮಕ್ಕಳು ಇನ್ನೂ ಜಾಸ್ತಿ ಹೊತ್ತು ಕಾದರು. ಅದೇ ನಮಗೂ ಆಗುತ್ತೆ. ನಮ್ಮ ಮನೆಯಲ್ಲಿ ಬಿಸ್ಕೆಟ್ ಡಬ್ಬ ಈಗ ಅಟ್ಟದ ಮೇಲಿದೆ, ಒಳಗೆ ಏನಿದೆ ಅಂತ ಕಾಣದ ಸ್ಟೀಲ್ ಡಬ್ಬ. ಕುರ್ಚಿ ಎಳೆದು, ಹತ್ತಿ, ಇಳಿಸಿ, ಮುಚ್ಚಳ ತೆಗೆಯೋ ಹೊತ್ತಿಗೆ ಅರ್ಧ ಆಸೆ ಹೋಗಿರುತ್ತೆ. ಹೆಚ್ಚಿದ ಹಣ್ಣು ಫ್ರಿಜ್ ತೆರೆದ ತಕ್ಷಣ ಕಣ್ಣೆದುರು. ಹಸಿದ ಹೊಟ್ಟೆಯಲ್ಲಿ ನಾನು ಸಾಮಾನು ತರಲು ಹೋಗೋದೇ ಇಲ್ಲ.

ಪ್ಯಾಕೆಟ್ ತಿಂಡಿಯ ಬಗ್ಗೆಯೂ ಹೇಳಬೇಕು. 2019ರಲ್ಲಿ ಅಮೆರಿಕದಲ್ಲಿ ಕೆವಿನ್ ಹಾಲ್ ಅನ್ನುವ ವಿಜ್ಞಾನಿಯ ತಂಡ 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿ, 2 ವಾರ ಕಾರ್ಖಾನೆಯಲ್ಲಿ ತಯಾರಾದ ಆಹಾರ, 2 ವಾರ ಹೆಚ್ಚು ಸಂಸ್ಕರಿಸದ ಆಹಾರ ಕೊಟ್ಟಿತು. ಎಷ್ಟು ಬೇಕಾದರೂ ತಿನ್ನಬಹುದಿತ್ತು. ಮೊದಲನೆಯದನ್ನು ತಿಂದಾಗ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ಹೋಯಿತು, ತೂಕವೂ ಏರಿತು. ಅದೇ ಜನ, ಅದೇ ಮನಸ್ಸು. ಬದಲಾದದ್ದು ತಟ್ಟೆಯಲ್ಲಿದ್ದದ್ದು!

ಇನ್ನೊಂದು ಮಾತು, ಆ ಹುಡುಗಿಯಂಥವರಿಗೆ. 21 ದಿನದಲ್ಲಿ ಅಭ್ಯಾಸ ಆಗುತ್ತೆ ಅನ್ನೋದನ್ನ ನಂಬಬೇಡಿ. ಲಂಡನ್ನಿನ ಒಂದು ಅಧ್ಯಯನದಲ್ಲಿ ಹೊಸ ಅಭ್ಯಾಸ ಕೂರಲು ಸಾಮಾನ್ಯವಾಗಿ 66 ದಿನ ಬೇಕಾಯಿತು, ಕೆಲವರಿಗೆ ಅದಕ್ಕಿಂತ ತುಂಬಾ ಜಾಸ್ತಿ. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ಕೇಕ್ ತಿಂದಿರಾ? ಸರಿ. ಅದಕ್ಕೆ ಶಿಕ್ಷೆ ಅಂತ ರಾತ್ರಿ ಉಪವಾಸ ಬೇಡ, ಸೋಮವಾರದಿಂದ ಶುರು ಮಾಡ್ತೀನಿ ಅನ್ನೋದೂ ಬೇಡ. ರಾತ್ರಿ ಎಂದಿನ ಊಟವನ್ನೇ ಮಾಡಿ, ಬೇಗ ಮಲಗಿ. ನಿದ್ದೆ ಕೆಟ್ಟರೆ ಮರುದಿನ ಹಸಿವು ಇನ್ನೂ ಜಾಸ್ತಿ.