ಹೆಗಡೇರ ಅಡಿಕೆ, ಶೇಟ್ರ ಬಂಗಾರ

ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳೆಗೋಟು, ಕೋಕಾ. ಶಿರಸಿ ಸೀಮೆಯಲ್ಲಿ ಅಡಿಕೆಗೆ ಇಷ್ಟು ದರ್ಜೆ. ಚಾಲಿ ಚೀಲದೊಳಗೆ ಕೀಳು ದರ್ಜೆಯ ಒಂದೇ ಒಂದು ಕೋಕಾ ಸೇರಿದ್ದರೂ ಕೈಗೆ ಸಿಕ್ಕಿಸಿಕೊಳ್ಳುವ ಹೆಗಡೇರು, ಮಗಳ ಮದುವೆಗೆಂದು ಬಂಗಾರದಂಗಡಿ ಮೆಟ್ಟಿಲು ಹತ್ತಿದರೆ ಕೇಳುವುದು ಇಷ್ಟೇ: "ಶೇಟ್ರೇ, ಚೊಲೋ ಬಂಗಾರ ಅಲ್ದಾ?"

"ಅಪ್ಪಟ, ಹೆಗಡೇರೆ!"

ಪರೀಕ್ಷೆ ಮುಗಿಯಿತು. ಚಹಾ ಬಂತು.

ಬಂಗಾರಕ್ಕೆ ಲೆಕ್ಕ ಸಾವಿರದಲ್ಲಿ. 22 ಕ್ಯಾರೆಟ್ ಅಂದರೆ 24ರಲ್ಲಿ 22 ಪಾಲು, ಅಂದರೆ 916. ಉಳಿದ 84 ತಾಮ್ರ, ಬೆಳ್ಳಿ ಇತ್ಯಾದಿ. ಇದು ಮೋಸವಲ್ಲ, 999ರಲ್ಲಿ ಬಳೆ ಮಾಡಿಸಿದರೆ ಹಂಡೆ ಎತ್ತುವಷ್ಟರಲ್ಲಿ ಸೊಟ್ಟಗಾದೀತು. ಹರಳು ಬಿಗಿಯಾಗಿ ಕೂರಬೇಕಾದಲ್ಲಿ 18 ಕ್ಯಾರೆಟ್, 750. 'ಕೆಡಿಎಂ' ಮಾತ್ರ ಶುದ್ಧತೆಯ ದರ್ಜೆಯೇ ಅಲ್ಲ, ಕ್ಯಾಡ್ಮಿಯಂ ಹಾಕಿದ ಬೆಸುಗೆ. ಅದರ ಹೊಗೆ ಅಕ್ಕಸಾಲಿಗರ ಆರೋಗ್ಯಕ್ಕೇ ಕೇಡು.

2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಮೂರು ಗುರುತು: ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಚಿಹ್ನೆ, ಶುದ್ಧತೆ (22 ಕ್ಯಾರೆಟ್ ಆದರೆ 22ಕೆ916), ಒಡವೆಗೊಂದರಂತೆ ಕೊಡುವ ಆರು ಅಕ್ಷರ-ಅಂಕಿಗಳ ಗುರುತುಸಂಖ್ಯೆ ಎಚ್‌ಯುಐಡಿ. ಇರುವೆಗೇ ಓದಲು ಬರೆದಂತಿರುತ್ತದೆ, ಭೂತಗನ್ನಡಿ ಕೇಳಿ. ಆ ಆರನ್ನು ಬಿಐಎಸ್ ಕೇರ್ ಆ್ಯಪ್‌ಗೆ ಹಾಕಿದರೆ ಒಡವೆ ಯಾವುದು, ಶುದ್ಧತೆ ಎಷ್ಟು, ಪರೀಕ್ಷಿಸಿದ ಕೇಂದ್ರ ಯಾವುದು ಎಲ್ಲ ಬರುತ್ತದೆ. ಕೈಯಲ್ಲಿ ಬಳೆ, ಆ್ಯಪ್‌ನಲ್ಲಿ ಉಂಗುರ ಎಂದಿದ್ದರೆ ಚಹಾದ ಲೋಟ ಕೆಳಗಿಡಬೇಕು.

ನಿಜವಾದ ರಂಪ ಅಜ್ಜಿಯ ಗುಂಡಿನ ಸರ ಕರಗಿಸುವಾಗ. ಶುದ್ಧತೆ ನೋಡುವ ಯಂತ್ರದಲ್ಲಿ ಇಟ್ಟಾಗ 910, ಕರಗಿಸಿದ ಮೇಲೆ 850! "ಕದ್ದರು" ಎಂದು ಕೂಗುವ ಮೊದಲು: ಎಕ್ಸ್-ರೇ ಬಿಟ್ಟು ನೋಡುವ ಈ ಎಕ್ಸ್‌ಆರ್‌ಎಫ್ ಯಂತ್ರಕ್ಕೆ ಕಾಣುವುದು ಮೇಲಿನ ತೊಗಲು ಮಾತ್ರ. ಆಸಿಡ್‌ನಲ್ಲಿ ತೊಳೆದು ಮೆರುಗು ಕೊಟ್ಟ ಒಡವೆಯಲ್ಲಿ ಆ ತೊಗಲಿನ ತಾಮ್ರ ಹೋಗಿರುತ್ತದೆ. ಒರೆಗಲ್ಲಿಗೂ ಸಿಗುವುದು ಅದೇ ತೊಗಲು. ಬೇಗ ಕರಗಲೆಂದು ಬೆರಕೆ ಹೆಚ್ಚಿಟ್ಟ ಹಳೇ ಬೆಸುಗೆ ಒಳಗೇ ಅಡಗಿ ಕೂತಿರುತ್ತದೆ, ಗುಂಡಿನೊಳಗೆ ಅರಗು ಬೇರೆ.

40 ಗ್ರಾಂ ಸರದಲ್ಲಿ ಅರಗು 4 ಗ್ರಾಂ ಎನ್ನಿ. ಉಳಿದ 36ಕ್ಕೆ 850ರಂತೆ ಅಪರಂಜಿ 30.6 ಗ್ರಾಂ. ಅದನ್ನು 0.916ರಿಂದ ಭಾಗಿಸಿದರೆ ಹೊಸ 22 ಕ್ಯಾರೆಟ್ 33.4 ಗ್ರಾಂ. ಮಜೂರಿ ಇನ್ನೂ ಸೇರಿಲ್ಲ. ಹಾಗಾಗಿ ಕರಗಿಸುವ ಮುಂಚೆ ಒಮ್ಮೆ, ಗಟ್ಟಿಯಾದ ಮೇಲೊಮ್ಮೆ ಕಣ್ಣೆದುರೇ ತೂಗಿಸಿ, ಶುದ್ಧತೆಯನ್ನು ಗಟ್ಟಿಯ ಮೇಲೇ ನೋಡಿಸಿ. ಅಷ್ಟಕ್ಕೂ ತೃಪ್ತಿಯಾಗದಿದ್ದರೆ ಚೂರು ಕತ್ತರಿಸಿ ಸೀಸದೊಂದಿಗೆ ಸುಟ್ಟು, ನೈಟ್ರಿಕ್ ಆಮ್ಲದಲ್ಲಿ ಬೆಳ್ಳಿ ಕಳೆದು ತೂಗುವ ಬೆಂಕಿ ಪರೀಕ್ಷೆ ಇದೆ, ಅದರ ಮುಂದೆ ಅಪೀಲಿಲ್ಲ.

ಹೋದ ಆರೂವರೆ ಗ್ರಾಂ ಬಗ್ಗೆ ಅಜ್ಜಿಗೆ ತಿಳಿಸಿ ಹೇಳುವ ಕೆಲಸವನ್ನು ಮಾತ್ರ ಯಾವ ಶೇಟ್ರೂ ವಹಿಸಿಕೊಳ್ಳುವುದಿಲ್ಲ.