ಸ್ಪಷ್ಟನೆ: ಹ್ಯಾಲಿಸಿನ್ ಮಾತ್ರೆ ಅಂಗಡಿಗೆ ಬಂದಿಲ್ಲ

‘ಎಐ ಕಂಡುಹಿಡಿದ ಹ್ಯಾಲಿಸಿನ್ ಮಾತ್ರೆ ಬಂದಿದೆ, ಎಲ್ಲ ಬ್ಯಾಕ್ಟೀರಿಯಾ ಸಾಯುತ್ತವೆ, ಇನ್ನು ಕಲ್ಚರ್ ಟೆಸ್ಟ್ ಬೇಕಿಲ್ಲ’ ಎಂಬ ಸಂದೇಶ ರಾಯಚೂರು, ಸಿಂಧನೂರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಮೊನ್ನೆ ನಾನೂ ಕಳಿಸಿದ್ದೆ. ಅದು ತಪ್ಪು. (ಕಲ್ಚರ್ ಟೆಸ್ಟ್ ಎಂದರೆ ರೋಗಿಯ ರಕ್ತ, ಮೂತ್ರದಂಥ ಮಾದರಿಯಿಂದ ಬ್ಯಾಕ್ಟೀರಿಯಾ ಬೆಳೆಸಿ, ಅದು ಯಾವುದು, ಯಾವ ಔಷಧಿಗೆ ಸಾಯುತ್ತದೆ ಎಂದು ನೋಡುವ ಪರೀಕ್ಷೆ.)

2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಎರಡು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳ ಮಾಹಿತಿ ಕೊಟ್ಟು, ಯಾವುದು ಬ್ಯಾಕ್ಟೀರಿಯಾ ತಡೆಯಬಲ್ಲದು ಎಂದು ಗುರುತಿಸಲು ಕಂಪ್ಯೂಟರಿಗೆ ಕಲಿಸಿದರು. ಅದು ಹೆಕ್ಕಿ ಕೊಟ್ಟದ್ದು ಹಿಂದೆ ಸಕ್ಕರೆ ಕಾಯಿಲೆಗೆಂದು ಪರೀಕ್ಷಿಸಿದ್ದ ಈ ಹ್ಯಾಲಿಸಿನ್ ಎಂಬ ವಸ್ತುವನ್ನು. ಆದರೆ ಅದು ಕೆಲಸ ಮಾಡುತ್ತದೆಂದು ಗೊತ್ತಾದದ್ದು ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಇಲಿಗಳ ಮೇಲೆ ನೋಡಿದ ಮೇಲೆಯೇ. ಸ್ಯೂಡೋಮೊನಾಸ್ ಎರುಜಿನೋಸಾ ಎಂಬ ಬ್ಯಾಕ್ಟೀರಿಯಾ ಇದಕ್ಕೂ ಜಗ್ಗಲಿಲ್ಲ. ‘ಸೆಲ್’ ಎಂಬ ವಿಜ್ಞಾನ ಪತ್ರಿಕೆಯ ಪ್ರಬಂಧದಲ್ಲಿ ಆ ಸಂಶೋಧಕರೇ ಇದನ್ನು ಹೇಳಿದ್ದಾರೆ. ಇದು ಮನುಷ್ಯರಿಗೆ ಕೊಡುವ ಔಷಧಿಯಾಗಿಲ್ಲ.

ಡಾಕ್ಟರು ಕಲ್ಚರ್ ಬರೆದರೆ ಮಾಡಿಸಿ. ಆ ಸಂದೇಶ ದಯವಿಟ್ಟು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.