ತರಗತಿಯ ಲ್ಯಾಪ್‌ಟಾಪ್‌ಗಳಿಗೆ ಇಂದು ಯಾವ ದಿನ?

ಇಂಟರ್ನೆಟ್ ಇಲ್ಲದ ನಮ್ಮ ಶಾಲೆಯಲ್ಲಿ ಇಪ್ಪತ್ತು ಲ್ಯಾಪ್‌ಟಾಪ್‌ಗಳನ್ನು ತೆರೆದರೆ ಇಪ್ಪತ್ತು ಬಗೆಯ ಸಮಯ ಕಾಣಿಸುತ್ತದೆ. ಅವನ್ನು ಒಂದೊಂದಾಗಿ ಸರಿಪಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಒಳಗಿನ ಗಡಿಯಾರವನ್ನು ನಡೆಸುವ, ಸೆಕೆಂಡಿಗೆ 32,768 ಬಾರಿ ಕಂಪಿಸುವ ಸ್ಫಟಿಕವು ದಿನಕ್ಕೆ ಒಂದೆರಡು ಸೆಕೆಂಡು ತಪ್ಪಿ, ವರ್ಷದಲ್ಲಿ ಹತ್ತು ನಿಮಿಷದಷ್ಟು ವ್ಯತ್ಯಾಸವಾಗುವುದನ್ನು ಹೇಗೋ ಸಹಿಸಬಹುದು. ಆದರೆ ರಜೆ ಮುಗಿಯುವಷ್ಟರಲ್ಲಿ ಒಳಗಿನ ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿ ಸತ್ತಿದ್ದರೆ, ಯಂತ್ರವು ಯಾವುದೋ ಹಳೆಯ ವರ್ಷದ ಜನವರಿ 1ಕ್ಕೆ ಮರಳಿ, ಮಕ್ಕಳು ಇಂದು ಬರೆದ ಕಡತವನ್ನು ದಿನಾಂಕವಾರು ಪಟ್ಟಿಯಲ್ಲಿ ಹಳೆಯ ಕಡತಗಳ ಕೆಳಗೆ ಹೂತಿಡುತ್ತದೆ. ಒಂದು ಲ್ಯಾಪ್‌ಟಾಪನ್ನೇ ಸಮಯದ ಸರ್ವರ್ ಮಾಡಿ, ಉಳಿದವನ್ನು ಸ್ಥಳೀಯ ಜಾಲದಲ್ಲಿ ಎನ್‌ಟಿಪಿ (ಕಂಪ್ಯೂಟರುಗಳು ಜಾಲದ ಮೂಲಕ ಸಮಯ ಹೊಂದಿಸಿಕೊಳ್ಳುವ ವಿಧಾನ) ಮೂಲಕ ಅದಕ್ಕೆ ಹೊಂದಿಸಬಹುದು, ನಿಜ. ಆದರೆ ಆ ಒಂದಕ್ಕೆ ಸರಿಯಾದ ಸಮಯವನ್ನು ಹೇಳುವವರು ಯಾರು? ಸದ್ಯಕ್ಕೆ ನನ್ನ ಕೈಗಡಿಯಾರ. ಅದೂ ಎರಡು ನಿಮಿಷ ಮುಂದಿದೆ.